ಚಪಾತಿ ಬಿಡಿಸುವ ಮೊದಲು

ಅಕ್ಕಾ, ನಾವು ಕುಂದಾಪುರದ ಕಡೆಯವರು. ಮದುವೆಯಾಗಿ ಹದಿನಾಲ್ಕು ವರ್ಷದಿಂದ ಡೊಂಬಿವಲಿಯಲ್ಲಿದ್ದೇವೆ. ಇವರು ಅಂಧೇರಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾರೆ, ಮನೆ ಸೇರುವಾಗ ರಾತ್ರಿ ಹನ್ನೆರಡಾಗುತ್ತದೆ. ಮಗಳಿಗೆ ಹನ್ನೊಂದು, ಮಗನಿಗೆ ಆರು. ಮಗಳಿಗೆ ಎಂಟನೇ ವಯಸ್ಸಿನಲ್ಲಿ ಟೈಪ್ ಒನ್ ಡಯಾಬಿಟೀಸ್ ಬಂತು. ದಿನಕ್ಕೆ ನಾಲ್ಕು ಇಂಜೆಕ್ಷನ್. ಅನ್ನದಿಂದ ಶುಗರ್ ಏರುತ್ತದೆ ಎಂದು ಎಲ್ಲರೂ ಹೇಳಿದ್ದಕ್ಕೆ ನಾನೇ ಹಟ ಹಿಡಿದು ಚಪಾತಿ ರೂಢಿ ಮಾಡಿಸಿದೆ. ಈಗ ಆರು ತಿಂಗಳಿಂದ ಊಟ ಮಾಡಿದರೂ ಶುಗರ್ ಲೋ ಆಗುತ್ತಿದೆ. ರಾತ್ರಿ ಎಬ್ಬಿಸಿ ಬಿಸ್ಕತ್ತು ಕೊಡುತ್ತೇನೆ. ಎತ್ತರ ಏರುತ್ತಿಲ್ಲ, ಹಿಮೋಗ್ಲೋಬಿನ್ ಕಡಿಮೆ. ರಕ್ತ ಪರೀಕ್ಷೆಯಲ್ಲಿ ಟಿಟಿಜಿ ಅನ್ನುವುದು ಜಾಸ್ತಿ ಬಂದಿದೆ, ಸೀಲಿಯಾಕ್ ಇರಬಹುದು, ಎಂಡೋಸ್ಕೋಪಿ ಮಾಡಿಸಿ ಎಂದಿದ್ದಾರೆ ಡಾಕ್ಟರು. ಅತ್ತೆ, "ನಾವು ಅಕ್ಕಿ ಉಣ್ಣುವವರು, ಗೋಧಿ ತಿನ್ನಿಸಿ ತಿನ್ನಿಸಿ ಮಗುವನ್ನು ಹಾಳು ಮಾಡಿದೆ" ಎಂದು ಒಂಬತ್ತು ದಿನದಿಂದ ಚಪಾತಿ ನಿಲ್ಲಿಸಿದ್ದಾರೆ. ನಾದಿನಿ, ಗೋಧಿ ಬಿಟ್ಟರಾಯಿತಲ್ಲ, ಹೊಟ್ಟೆಯೊಳಗೆ ಪೈಪ್ ಯಾಕೆ ಹಾಕಿಸುತ್ತೀರಿ ಎನ್ನುತ್ತಾಳೆ. ಮಗಳು ನಿನ್ನೆ ತಟ್ಟೆ ದೂಡಿ, "ಇನ್ನು ನಾನು ಏನೂ ತಿನ್ನುವುದಿಲ್ಲ" ಎಂದಳು. ಅನ್ನ ಬೇಡ ಎಂದವರೇ ಈಗ ಚಪಾತಿಯೂ ಬೇಡ ಎಂದರೆ ನನ್ನ ಮಗು ಏನು ತಿನ್ನಬೇಕು? ತಪ್ಪು ನನ್ನದೇನಾ ಅಕ್ಕಾ?

ಒಬ್ಬ ತಾಯಿ, ಡೊಂಬಿವಲಿ ಪೂರ್ವ

ತಂಗೀ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದರಲ್ಲಿ ಒಂದು ಮಾತಿಗೆ ತೀರಾ ಗಡಿಬಿಡಿಯಿದೆ, ಅದನ್ನು ಮೊದಲು ಮುಗಿಸೋಣ. ನಾಳೆ ಬೆಳಗ್ಗೆ ಮಗಳ ಡಬ್ಬಿಗೆ ಹಿಂದಿನಂತೆಯೇ ಚಪಾತಿ ಹಾಕಿ. ಪರೀಕ್ಷೆಗಳೆಲ್ಲ ಮುಗಿದವು ಎಂದು ಡಾಕ್ಟರು ಹೇಳುವ ತನಕ ಗೋಧಿ ನಿಲ್ಲಿಸಬೇಡಿ.

ಯಾಕೆಂದರೆ ಸೀಲಿಯಾಕ್ ಗುರುತು ಸಿಗುವುದು ಗೋಧಿ ತಿನ್ನುತ್ತಿರುವ ಮೈಯಲ್ಲಿ. ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. (ಈ ರೈ ಯುರೋಪಿನ ಕಡೆ ಬೆಳೆಯುವ ಧಾನ್ಯ. ಮುಂಬಯಿಯ ಕಿರಾಣಿಯವನು ರಾಈ ಎಂದು ಕೊಡುವ ಸಾಸಿವೆಯಲ್ಲ, ಒಗ್ಗರಣೆಗೆ ಹೆದರಬೇಡಿ.) ಕಲಸಿದ ಚಪಾತಿ ಹಿಟ್ಟು ಹರಿಯದೆ ಎಳೆಯುತ್ತದಲ್ಲ, ಆ ಜಿಗುಟು ಈ ಗ್ಲುಟೆನ್ನಿನದೇ. ಕೆಲವರಲ್ಲಿ ಇದು ಸಣ್ಣ ಕರುಳಿಗೆ ಇಳಿದಾಗ ಮೈಯ ಕಾವಲು ಪಡೆ ಕರುಳಿನ ಒಳಪದರದ ಮೇಲೆಯೇ ತಿರುಗಿ ಬೀಳುತ್ತದೆ. ಟಿಟಿಜಿ ಎಂದು ವರದಿಯಲ್ಲಿ ಬಂದಿರುವುದು ಆ ಜಗಳದ ಸುಳಿವು. ಗೋಧಿ ನಿಂತರೆ ಆ ಸುಳಿವು ಮೆಲ್ಲನೆ ಇಳಿಯುತ್ತದೆ, ಕರುಳಿನ ಗಾಯವೂ ಮಾಯತೊಡಗುತ್ತದೆ. ಆಗ ಎಂಡೋಸ್ಕೋಪಿ ಮಾಡಿದರೆ ಇದ್ದ ಕಾಯಿಲೆಯೂ ಇಲ್ಲವೆಂದು ಬರಬಹುದು.

ಒಂಬತ್ತು ದಿನದಲ್ಲಿ ಕೆಲಸ ಕೆಟ್ಟಿಲ್ಲ. ದಿನಕ್ಕೆ ಒಂದೆರಡು ಚಪಾತಿ ಮತ್ತೆ ಶುರು ಮಾಡಿ, ನಡುವೆ ಇಷ್ಟು ದಿನ ನಿಂತಿತ್ತು ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಎಷ್ಟು ದಿನ ತಿನ್ನಿಸಿ ಪರೀಕ್ಷೆ ಮಾಡಬೇಕೆಂದು ಅವರು ನಿರ್ಧರಿಸುತ್ತಾರೆ. ಇದನ್ನು ಇಷ್ಟು ಒತ್ತಿ ಹೇಳಲು ನನಗೊಂದು ನೋವಿನ ನೆನಪೂ ಕಾರಣ. ಕೆಲವು ವರ್ಷಗಳ ಹಿಂದೆ ಘಾಟ್‌ಕೋಪರ್‌ನಿಂದ ಒಬ್ಬ ಹುಡುಗನನ್ನು ನನ್ನ ಹತ್ತಿರ ಕರೆತಂದಿದ್ದರು. ಪರೀಕ್ಷೆಯಿಲ್ಲದೆ ಎಂಟು ತಿಂಗಳು ಗೋಧಿ ಬಿಟ್ಟಿದ್ದ, ಚೆನ್ನಾಗಿದ್ದ. ಆಮೇಲೆ ಇದು ನಿಜವಾಗಿ ಸೀಲಿಯಾಕೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. ತಿಳಿಯಬೇಕಾದರೆ ಮತ್ತೆ ವಾರಗಟ್ಟಲೆ ಗೋಧಿ ತಿನ್ನಲೇಬೇಕು. ತಿಂದ, ದಿನಾ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ. ಆ ಸಂಕಟ ನಿಮ್ಮ ಮಗಳಿಗೆ ಬರುವುದು ಬೇಡ. ಸೀಲಿಯಾಕ್ ಎಂದಾದರೆ ಜೀವಮಾನದ ಪಥ್ಯ, ನಡುವೆ ರಜೆಯಿಲ್ಲ. ಅಷ್ಟು ದೊಡ್ಡ ಮಾತನ್ನು ಅಂದಾಜಿನ ಮೇಲೆ ಒಂದು ಮಗುವಿನ ತಲೆಗೆ ಕಟ್ಟಬಾರದು.

ಇನ್ನೊಂದು ಕಾರಣವೂ ಇದೆ. ಟೈಪ್ ಒನ್ ಇರುವ ಮಕ್ಕಳಲ್ಲಿ ಟಿಟಿಜಿ ಸ್ವಲ್ಪ ಏರಿ, ಗೋಧಿ ತಿನ್ನುತ್ತಿರುವಾಗಲೇ ತಾನಾಗಿ ಇಳಿದುಬಿಡುವುದೂ ಉಂಟು. ಆದ್ದರಿಂದ ಎಷ್ಟು ಏರಿದೆ ಎಂಬುದು ಮುಖ್ಯ. ಲ್ಯಾಬಿನ ಮೇಲಿನ ಮಿತಿಯ ಹತ್ತು ಪಟ್ಟಿಗಿಂತ ಹೆಚ್ಚಿದ್ದು, ಬೇರೆ ದಿನ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಪರೀಕ್ಷೆಯೂ ಪಾಸಿಟಿವ್ ಬಂದರೆ, ಮಕ್ಕಳಲ್ಲಿ ಎಂಡೋಸ್ಕೋಪಿಯಿಲ್ಲದೆಯೇ ನಿರ್ಧರಿಸಬಹುದೆಂದು ಯುರೋಪಿನ ಮಕ್ಕಳ ಕರುಳು ತಜ್ಞರ ಸಂಘ 2020ರಲ್ಲಿ ಹೇಳಿದೆ. ನಿಮ್ಮ ವರದಿಯ ಅಂಕಿ ನೀವು ಬರೆದಿಲ್ಲ. ವರದಿ ಕೈಯಲ್ಲಿ ಹಿಡಿದು ಡಾಕ್ಟರಲ್ಲಿ ಕೇಳಿ. ಜೊತೆಗೆ ಒಟ್ಟು ಐಜಿಎ ಎಂಬ ಕಾವಲು ಪ್ರೋಟೀನ್ ಅಳೆದಿದ್ದಾರೆಯೇ ಎಂದೂ ಕೇಳಿ. ಕೆಲವರ ಮೈಯಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ, ಅಂಥವರಲ್ಲಿ ಟಿಟಿಜಿ ಪರೀಕ್ಷೆ ಕಾಯಿಲೆಯಿದ್ದರೂ ಸುಮ್ಮನಿರುತ್ತದೆ. ನಿಮ್ಮ ಮಗಳ ಟಿಟಿಜಿ ಏರಿದೆ, ಹಾಗಾಗಿ ಅವಳಿಗಿಂತ ಹೆಚ್ಚಾಗಿ ಮುಂದೆ ಅವಳ ತಮ್ಮನಿಗೆ ಈ ಮಾತು ಬೇಕಾಗುತ್ತದೆ.

ಈಗ ತಪ್ಪಿನ ಮಾತು. ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಬಹಳ ಹೊತ್ತು ಕಾಡಿತು.

ಡಯಾಬಿಟೀಸ್ ಬಂದದ್ದು ಮೂರು ವರ್ಷದ ಹಿಂದೆ, ಚಪಾತಿ ಹೆಚ್ಚಾದದ್ದು ಅದರ ನಂತರ. ಹಾಗಾಗಿ ಮೊದಲನೆಯದಕ್ಕೆ ಗೋಧಿಯನ್ನು ದೂರುವುದಕ್ಕೇ ಬರುವುದಿಲ್ಲ. ಎರಡೂ ಕಾಯಿಲೆಗಳು ಒಂದೇ ಬೇರಿನ ಎರಡು ಚಿಗುರು. ಟೈಪ್ ಒನ್‌ನಲ್ಲಿ ಮೈಯ ಕಾವಲು ಪಡೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ಕೆಡಿಸುತ್ತದೆ, ಸೀಲಿಯಾಕ್‌ನಲ್ಲಿ ಕರುಳಿನ ಒಳಪದರವನ್ನು. ಯಾವುದು ನನ್ನದು, ಯಾವುದು ಹೊರಗಿನದು ಎಂದು ಆ ಪಡೆಗೆ ತೋರಿಸಿಕೊಡುವ ವಂಶವಾಹಿಗಳು ನಮ್ಮ ಆರನೇ ವರ್ಣತಂತುವಿನಲ್ಲಿವೆ. ಅವುಗಳಲ್ಲಿ ಡಿಕ್ಯೂ2, ಡಿಕ್ಯೂ8 ಎಂಬ ಎರಡು ನಮೂನೆಗಳು ಎರಡೂ ಕಾಯಿಲೆಗಳಲ್ಲಿ ಎದ್ದು ಕಾಣುತ್ತವೆ. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಸೀಲಿಯಾಕ್ ಇದ್ದರೆ, ಟೈಪ್ ಒನ್ ಇರುವವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಇರುತ್ತದೆ. ಅದಕ್ಕೇ ಡಯಾಬಿಟೀಸ್ ಗೊತ್ತಾದಾಗ ಒಮ್ಮೆ, ಎರಡು ವರ್ಷವಾದ ಮೇಲೆ ಒಮ್ಮೆ, ಐದು ವರ್ಷವಾದ ಮೇಲೆ ಒಮ್ಮೆ ಈ ರಕ್ತ ಪರೀಕ್ಷೆ ಮಾಡಿಸಬೇಕೆಂಬ ಪದ್ಧತಿಯಿದೆ. ಹೆಚ್ಚಿನ ಮಕ್ಕಳಲ್ಲಿ ಹೊಟ್ಟೆನೋವು, ಭೇದಿ ಏನೂ ಇರುವುದಿಲ್ಲ, ಪರೀಕ್ಷೆಯಲ್ಲೇ ಗೊತ್ತಾಗುವುದು. ಹಾಗಾಗಿ "ಇಷ್ಟು ದಿನ ಗಮನಿಸಲಿಲ್ಲ" ಎಂದೂ ಕೊರಗಬೇಡಿ.

ಅತ್ತೆಯವರ ಮಾತಿನಲ್ಲಿ ಒಂದು ಸತ್ಯದ ಕಾಳು ಇದೆ. ಅದನ್ನು ಅವರಿಗೆ ಒಪ್ಪಿಸಿಯೇ ಮುಂದೆ ಹೋಗೋಣ. 2016ರಲ್ಲಿ ಪ್ರಕಟವಾದ, ನಮ್ಮ ದೇಶದ ಮೂರು ಭಾಗಗಳ ಜನರನ್ನು ಹೋಲಿಸಿದ ಅಧ್ಯಯನವೊಂದಿದೆ. ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಗೆ ಸೀಲಿಯಾಕ್ ಕಂಡಿತು, ದಕ್ಷಿಣದಲ್ಲಿ ಕೇವಲ 0.10. ಆದರೆ ಆ ಡಿಕ್ಯೂ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು, ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಕುಂದಾಪುರದ ಮೈ, ಮುಂಬಯಿಯ ಪಾವ್ ಮತ್ತು ಚಪಾತಿ: ನಿಮ್ಮ ಅತ್ತೆ ಬರಿಗಣ್ಣಿಂದ ನೋಡಿದ್ದು ಇದನ್ನೇ. ಆದರೆ ಅವರು ನೋಡದೇ ಬಿಟ್ಟ ಅರ್ಧವೂ ಇದೆ. ಅಂಥ ವಂಶವಾಹಿ ಹೊತ್ತು, ದಿನಾ ಚಪಾತಿ ತಿಂದು, ಎಪ್ಪತ್ತು ವರ್ಷ ಗಟ್ಟಿಮುಟ್ಟಾಗಿರುವವರು ನಿಮ್ಮ ಕಟ್ಟಡದಲ್ಲೇ ಹತ್ತಾರು ಮಂದಿ ಇರಬಹುದು. ಸಾವಿರಾರು ಮನೆಗಳಲ್ಲಿ ಬೆಳಗ್ಗೆ ಏಳಕ್ಕೆ ಆಗುವ ಕೆಲಸವನ್ನೇ ನೀವೂ ಮಾಡಿದಿರಿ, ಅದೂ ಮಗಳ ಶುಗರ್ ಹತೋಟಿಯಲ್ಲಿರಲಿ ಎಂದು. ಇದರಲ್ಲಿ ತಪ್ಪೆಂಬುದು ನನಗೆ ಎಲ್ಲಿಯೂ ಕಾಣುತ್ತಿಲ್ಲ.

ಅತ್ತೆಯವರಿಗೆ ಒಂದು ಕತೆ ಹೇಳಿ. 1944-45ರ ಚಳಿಗಾಲ, ಯುದ್ಧದ ಕಾಲ, ಹಾಲೆಂಡಿನಲ್ಲಿ ಬ್ರೆಡ್ ಸಿಗದೆ ಜನ ಟ್ಯೂಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗಿತು, ಆದರೆ ಸೀಲಿಯಾಕ್‌ನಿಂದ ನರಳುತ್ತಿದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಅದೇ ಮಕ್ಕಳು ಮತ್ತೆ ಮಲಗಿದರು. ವಿಲ್ಲೆಮ್ ಡಿಕೆ ಎಂಬ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲಿಂದಲೂ ಅನುಮಾನವಿತ್ತು. ಅದನ್ನು ಅಳೆದು ತೂಗಿ ನೋಡಿ 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದರು. ಅಷ್ಟರ ತನಕ ದೊಡ್ಡ ದೊಡ್ಡ ಡಾಕ್ಟರುಗಳಿಗೂ ಇದು ಗೋಧಿಯ ಕೆಲಸವೆಂದು ಖಚಿತವಿರಲಿಲ್ಲ, ಇನ್ನು ಡೊಂಬಿವಲಿಯ ತಾಯಿಗೆ ಹೇಗೆ ಗೊತ್ತಾಗಬೇಕಿತ್ತು ಎಂದು ಕೇಳಿ. ಅಜ್ಜಿಯರು ಹಸಿವಿನ ಕತೆಗೆ ಕರಗುತ್ತಾರೆ.

ಊಟ ಮಾಡಿದರೂ ಲೋ ಯಾಕಾಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಸದ್ಯಕ್ಕೆ ಅಪಾಯ ಅಲ್ಲಿದೆ. ನಮ್ಮ ಸಣ್ಣ ಕರುಳಿನ ಒಳಗೋಡೆ ಮಖಮಲ್ ಬಟ್ಟೆಯಂತೆ, ಸಣ್ಣ ಸಣ್ಣ ಬೆರಳುಗಳಂಥ ಎಳೆಗಳಿಂದ ತುಂಬಿರುತ್ತದೆ. ಅನ್ನದ ಸಕ್ಕರೆ, ಕಬ್ಬಿಣದ ಅಂಶ, ಕ್ಯಾಲ್ಸಿಯಂ ಎಲ್ಲ ಒಳಬರುವುದು ಅವುಗಳ ಮೂಲಕ. ಸೀಲಿಯಾಕ್‌ನಲ್ಲಿ ಆ ಎಳೆಗಳು ಸವೆದು ಗೋಡೆ ಚಪ್ಪಟೆಯಾಗುತ್ತದೆ. ನೀವು ಊಟಕ್ಕೆ ಲೆಕ್ಕ ಹಾಕಿ ಕೊಟ್ಟ ಇನ್ಸುಲಿನ್ ತನ್ನ ಹೊತ್ತಿಗೆ ಬಂದು ಕೆಲಸ ಶುರು ಮಾಡುತ್ತದೆ. ಊಟದ ಸಕ್ಕರೆ ಮಾತ್ರ ಹೊತ್ತಿಗೆ ಬರುವುದಿಲ್ಲ, ಬಂದರೂ ಪೂರ್ತಿ ಬರುವುದಿಲ್ಲ. ಆಗ ಲೋ. ಎತ್ತರ ನಿಂತದ್ದು, ರಕ್ತ ಕಡಿಮೆಯಾದದ್ದು ಕೂಡ ಇದೇ ಗೋಡೆಯಿಂದ ಇರಬಹುದು.

ಆದ್ದರಿಂದ ಎಂಡೋಸ್ಕೋಪಿಯ ದಿನಾಂಕಕ್ಕೆ ಕಾಯದೆ, ಈ ವಾರವೇ ಡಯಾಬಿಟೀಸ್ ಡಾಕ್ಟರಿಗೆ ಫೋನ್ ಮಾಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟಕ್ಕೆ ಇಳಿಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಓದಿ ಹೇಳಿ. ಡೋಸ್ ಇಳಿಸಬೇಕೇ, ಇಂಜೆಕ್ಷನ್ ಹೊತ್ತು ಬದಲಿಸಬೇಕೇ ಎಂದು ಅವರೇ ಹೇಳಲಿ, ನೀವಾಗಿ ಇಂಜೆಕ್ಷನ್ ತಪ್ಪಿಸಬೇಡಿ. ಶುಗರ್ 70ಕ್ಕಿಂತ ಕೆಳಗಿಳಿದಾಗ ಬಿಸ್ಕತ್ತು ಮೊದಲ ಮದ್ದಲ್ಲ, ಅದು ಬಹಳ ನಿಧಾನ. ಡಾಕ್ಟರು ಹೇಳಿದ ಅಳತೆಯ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಮೀಟರಿನಲ್ಲಿ ನೋಡಿ. ಸೀಲಿಯಾಕ್ ಖಚಿತವಾದ ಮೇಲೆ ಆ ಬಿಸ್ಕತ್ತಿನ ಜಾಗಕ್ಕೆ ಬಾಳೆಹಣ್ಣೋ ಒಂದು ಹಿಡಿ ಅವಲಕ್ಕಿಯೋ ಬರಲಿ.

ಎಂಡೋಸ್ಕೋಪಿಗೆ ಹೆದರಬೇಡಿ. ಮಕ್ಕಳನ್ನು ಮಂಪರಿನಲ್ಲಿ ಮಲಗಿಸಿ ಮಾಡುತ್ತಾರೆ, ಕರುಳಿನ ಮೊದಲ ಭಾಗದಿಂದ ಅಕ್ಕಿಕಾಳಿಗಿಂತ ಸಣ್ಣ ನಾಲ್ಕೈದು ಚೂರು ತೆಗೆಯುತ್ತಾರೆ. ಕೆಲವೇ ನಿಮಿಷದ ಕೆಲಸ, ಚೂರು ತೆಗೆದ ಜಾಗ ನೋಯುವುದೂ ಇಲ್ಲ. ನಿಮ್ಮ ಮಗಳಿಗೆ ಬೇಕಾದ ಜಾಗ್ರತೆ ಬೇರೆ: ಅವಳು ಖಾಲಿ ಹೊಟ್ಟೆಯಲ್ಲಿರಬೇಕು, ಅವಳಿಗೆ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ. ಹಿಂದಿನ ರಾತ್ರಿಯ ಮತ್ತು ಆ ಬೆಳಗಿನ ಇನ್ಸುಲಿನ್ ಎಷ್ಟು ಎಂದು ಬರೆಸಿಕೊಳ್ಳಿ. ಖರ್ಚಿನ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಪರೇಲ್‌ನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್ ಮಹಾನಗರ ಪಾಲಿಕೆಯ ಆಸ್ಪತ್ರೆಗಳು. ಪರೇಲ್‌ನಲ್ಲೇ ವಾಡಿಯಾ ಮಕ್ಕಳ ಆಸ್ಪತ್ರೆಯೂ ಇದೆ. ಸಯನ್, ಪರೇಲ್ ಎರಡೂ ನಿಮ್ಮ ಸೆಂಟ್ರಲ್ ಲೈನಿನಲ್ಲೇ ಬರುತ್ತವೆ. ಸರದಿ ಉದ್ದವಿರಬಹುದು, ಹಣ ಸಾಲದು ಎಂಬ ಕಾರಣಕ್ಕೆ ಮಾತ್ರ ಪರೀಕ್ಷೆ ಬಿಡಬೇಡಿ.

ಇನ್ನು ಅಡುಗೆ ಮನೆ. ಇಲ್ಲಿಂದ ಮುಂದಿನದೆಲ್ಲ ಸೀಲಿಯಾಕ್ ಖಚಿತವಾದರೆ ಮಾತ್ರ.

ನೀವು ಬರೆದಿದ್ದೀರಿ, ಅನ್ನವೂ ಬೇಡ ಚಪಾತಿಯೂ ಬೇಡ ಎಂದರೆ ಏನು ತಿನ್ನಬೇಕು ಎಂದು. ತಂಗೀ, ಅನ್ನ ಬೇಡ ಎಂಬ ಮಾತು ಟೈಪ್ ಒನ್ ಮಗುವಿಗೆ ಎಂದೂ ಸರಿಯಾಗಿರಲಿಲ್ಲ. ಅದು ವಯಸ್ಸಾದವರ ಸಕ್ಕರೆ ಕಾಯಿಲೆಗೆ ಹೇಳುವ ಮಾತು, ನೆರೆಹೊರೆಯವರ ಬಾಯಿಯಿಂದ ಮಕ್ಕಳ ತಟ್ಟೆಗೆ ಬಂದು ಬಿದ್ದಿದೆ. ಮೂವತ್ತು ಗ್ರಾಂ ಗೋಧಿ ಹಿಟ್ಟಿನ ಚಪಾತಿಯಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅಷ್ಟೇ ತೂಕದ ಜೋಳದ ಹಿಟ್ಟಿನಲ್ಲೂ ರಾಗಿ ಹಿಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ಅಕ್ಕಿಯಲ್ಲಿ ಎರಡು ಮೂರು ಗ್ರಾಂ ಹೆಚ್ಚು. ಇನ್ಸುಲಿನ್ ಲೆಕ್ಕಕ್ಕೆ ಬೇಕಾದದ್ದು ಈ ಅಂಕಿ. ವ್ಯತ್ಯಾಸವಿರುವುದು ಸಕ್ಕರೆ ಏರುವ ವೇಗದಲ್ಲಿ. ಬೆಳ್ತಿಗೆ ಅನ್ನ ಬೇಗ ಏರಿಸುತ್ತದೆ, ನಿಮ್ಮ ಊರಿನ ಕುಚ್ಚಿಗೆ ಅಕ್ಕಿಯ ಅನ್ನ ಸಾಮಾನ್ಯವಾಗಿ ತುಸು ನಿಧಾನ. ಬೇಳೆ, ಮೀನು, ಮೊಟ್ಟೆ, ಬಸಳೆ ಜೊತೆಗಿದ್ದರೆ ಇನ್ನೂ ನಿಧಾನ. ಒಂದು ಅಳತೆಯ ಬಟ್ಟಲು ಇಟ್ಟುಕೊಳ್ಳಿ. ಎರಡು ವಾರ, ಪ್ರತಿ ಹೊಸ ತಿಂಡಿಗೆ, ತಿನ್ನುವ ಮೊದಲು ಮತ್ತು ಎರಡು ಗಂಟೆ ಬಿಟ್ಟು ಮೀಟರ್ ನೋಡಿ ಬರೆಯಿರಿ. ಯಾವ ತಿಂಡಿ ನಿಮ್ಮ ಮಗಳ ಮೈಯಲ್ಲಿ ಹೇಗೆ ನಡೆಯುತ್ತದೆ ಎಂಬುದು ಆ ಪುಸ್ತಕದಲ್ಲಿ ಸಿಗುತ್ತದೆ, ಯಾವ ತಜ್ಞರ ಪಟ್ಟಿಯಲ್ಲೂ ಸಿಗದು.

ನಿಮ್ಮ ಅತ್ತೆಯವರ ಅಡುಗೆಯಲ್ಲಿ ಗ್ಲುಟೆನ್ ಎಂಬುದು ಬಹುಪಾಲು ಇರಲೇ ಇಲ್ಲ. ನೀರುದೋಸೆ, ಉದ್ದಿನ ದೋಸೆ, ಕೊಟ್ಟೆ ಕಡುಬು, ಪತ್ರೊಡೆ, ಅಕ್ಕಿ ರೊಟ್ಟಿ, ಕೋಳಿ ಸಾರಿಗೆ ಒಣ ರೊಟ್ಟಿ, ಒತ್ತು ಶ್ಯಾವಿಗೆ, ಎಲ್ಲ ಅಕ್ಕಿಯವು. ಅವುಗಳ ಪಕ್ಕಕ್ಕೆ ಮುಂಬಯಿ ಕೊಟ್ಟ ಒಳ್ಳೆಯದನ್ನು ಇಡಿ: ಜೋಳದ ಭಾಕರಿ, ಬಾಜರಿ ಭಾಕರಿ, ರಾಗಿಯನ್ನು ಇಲ್ಲಿ ನಾಚಣಿ ಎನ್ನುತ್ತಾರಲ್ಲ, ಅದರದ್ದು. ಅಕ್ಕಿಯೊಂದನ್ನೇ ಮೂರು ಹೊತ್ತು ಉಂಡರೆ ಶುಗರ್ ಬೇಗ ಏರುತ್ತದೆ, ಕಬ್ಬಿಣ ಮತ್ತು ನಾರು ಸಾಲುವುದಿಲ್ಲ. ಜೋಳ, ರಾಗಿ ಆ ಜಾಗ ತುಂಬುತ್ತವೆ. ಮಾಲ್‌ನಲ್ಲಿ ಸಿಗುವ ದುಬಾರಿ ಗ್ಲುಟೆನ್ ಇಲ್ಲದ ಬ್ರೆಡ್, ಕುಕ್ಕೀಸ್‌ಗಳಲ್ಲಿ ಅಕ್ಕಿ ಹಿಟ್ಟು, ಆಲೂಗಡ್ಡೆ ಪಿಷ್ಟ, ಸಾಬುದಾಣೆ ಪಿಷ್ಟವೇ ಹೆಚ್ಚು, ಸಕ್ಕರೆಯನ್ನು ಬಾಣದಂತೆ ಏರಿಸುತ್ತವೆ. ಹುಟ್ಟುಹಬ್ಬಕ್ಕೊಂದು ಇರಲಿ, ದಿನಾ ಬೇಡ.

ಜಾಗ್ರತೆ ಬೇಕಾದದ್ದು ಕಣ್ಣಿಗೆ ಕಾಣದ ಗೋಧಿಗೆ. ಮೊದಲನೆಯದು ಇಂಗು. ಅಂಗಡಿಯಲ್ಲಿ ಸಿಗುವ ಕಟ್ಟಿದ ಇಂಗಿನಲ್ಲಿ ಬಹಳ ಸಲ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿಯ ಹಿಂಬದಿ ಓದಿ. ಓದಲು ಬೇಸರವಾದರೆ ಬೆಳ್ಳುಳ್ಳಿ ಒಗ್ಗರಣೆಗೆ ಬನ್ನಿ. ಎರಡನೆಯದು ಮೀನು. ಬಂಗುಡೆ, ಅಂಜಲ್ ರವಾ ಫ್ರೈ ಎಂದರೆ ಗೋಧಿ ರವೆ, ಅದರ ಬದಲು ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ. ಇಡ್ಲಿ ರವೆ ಅಕ್ಕಿಯದು, ರವೆ ಇಡ್ಲಿ ಗೋಧಿಯದು, ಹೆಸರು ತಿರುವಿದರೆ ಪದಾರ್ಥವೇ ಬೇರೆ. ಅಂಗಡಿಯ ಪ್ಯಾಕೆಟ್ ಶ್ಯಾವಿಗೆ ಹೆಚ್ಚಾಗಿ ಗೋಧಿಯದು. ಗೋಳಿಬಜೆ, ಬನ್ಸ್ ಮೈದಾದವು. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ. ಥಾಲಿಪೀಟಿನ ಭಾಜಣಿಯಲ್ಲಿ ಗೋಧಿ ಇರಬಹುದು. ಸೋಯಾ ಸಾಸ್‌ನಲ್ಲೂ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಹಿಟ್ಟಿನ ಗಿರಣಿಯಲ್ಲಿ. ಗಲ್ಲಿಯ ಗಿರಣಿಯಲ್ಲಿ ನಿಮ್ಮ ಮುಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ಜೋಳವೂ ಬೀಳುತ್ತದೆ. ಒಂದು ಸ್ಲೈಸ್ ಬ್ರೆಡ್‌ನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇದ್ದರೆ, ದಿನಾ 50 ಮಿಲಿಗ್ರಾಂ, ಅಂದರೆ ಅದರ ನಲವತ್ತರಲ್ಲಿ ಒಂದು ಪಾಲು, ಮೂರು ತಿಂಗಳಲ್ಲಿ ಕರುಳನ್ನು ಕೆಡಿಸಲು ಸಾಕು. ಗ್ಲುಟೆನ್ ಇಲ್ಲ ಎಂದು ಲೇಬಲ್ ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಜೋಳ, ರಾಗಿಯನ್ನು ಆರಿಸಿ, ತೊಳೆದು ಒಣಗಿಸಿ, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ, ಇಲ್ಲವೇ ಮನೆಗೊಂದು ಸಣ್ಣ ಹಿಟ್ಟಿನ ಯಂತ್ರ ತನ್ನಿ. ಅವಳಿಗೆ ಬೇರೆ ಲಟ್ಟಣಿಗೆ, ಬೇರೆ ಹಿಟ್ಟಿನ ಡಬ್ಬಿ, ಬೇರೆ ಹೆಂಚು. ಮನೆಮಂದಿಗೆಲ್ಲ ರಾತ್ರಿಯೂಟ ಒಂದೇ ಬಗೆಯದಾದರೆ ಇನ್ನೂ ಒಳ್ಳೆಯದು. ಎಲ್ಲರೂ ಚಪಾತಿ ಹರಿಯುವಾಗ ಒಬ್ಬಳೇ ಭಾಕರಿ ಮುರಿಯುವುದು ಹನ್ನೊಂದರ ಹುಡುಗಿಗೆ ಕಷ್ಟ.

ಈ ಕೆಲಸದಲ್ಲಿ ನಿಮ್ಮ ಯಜಮಾನರನ್ನು ಸೇರಿಸಿಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಬಂದು ಮಲಗಿದ ಮಗಳ ಮುಖ ನೋಡುವ ತಂದೆಗೆ ತಾನೇನೂ ಮಾಡಲಾಗುತ್ತಿಲ್ಲ ಎಂಬ ಸಂಕಟ ಇದ್ದೇ ಇರುತ್ತದೆ. ಹೋಟೆಲಿನ ಒಳಗುಟ್ಟು ಅವರಿಗೆ ಗೊತ್ತು. ರವಾ ದೋಸೆ ಹುಯ್ದ ಕಾವಲಿಯಲ್ಲೇ ಸಾದಾ ದೋಸೆಯೂ ಆಗುತ್ತದೆ, ಗರಿಗರಿಯಾಗಲೆಂದು ಹಿಟ್ಟಿಗೆ ರವೆ ಬೆರೆಸುವವರಿದ್ದಾರೆ, ಸಮೋಸಾ ಕರಿದ ಎಣ್ಣೆಯಲ್ಲೇ ಬಟಾಟೆ ವಡೆ ಬೀಳುತ್ತದೆ. ಮಾಟುಂಗಾಕ್ಕೋ ಮುಲುಂಡಿಗೋ ಮಕ್ಕಳನ್ನು ಕರೆದುಕೊಂಡು ಹೋದ ದಿನ ಯಾವ ಹೋಟೆಲಿನಲ್ಲಿ ಏನು ಕೇಳಬೇಕು, ಯಾವುದನ್ನು ಮುಟ್ಟಬಾರದು ಎಂಬ ಜವಾಬ್ದಾರಿ ಅವರದಾಗಲಿ. ಭೇಲ್‌ಪುರಿಯಲ್ಲಿ ಮಂಡಕ್ಕಿ ಇರಲಿ, ಪುರಿ ಬೇಡ ಎಂದು ಹೇಳಿ ಮನೆಯಲ್ಲೇ ಕಲಸಿಕೊಡುವುದು ಕೂಡ ತಂದೆಗೆ ಬರುವ ವಿದ್ಯೆಯೇ.

ಪೂಜೆಯ ಮಾತೂ ಬರುತ್ತದೆ, ಇವತ್ತಲ್ಲ ನಾಳೆ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಗೋಧಿ ರವೆಯದ್ದು. ಪ್ರಸಾದ ಬಿಟ್ಟರೆ ಏನಾಗುತ್ತದೆಂದು ಆ ಕತೆಯಲ್ಲೇ ಇರುವುದರಿಂದ ಅತ್ತೆಯವರು ಹೆದರುವುದು ಸಹಜ. ನಿಮ್ಮ ಮನೆಯ ಪೂಜೆಯಾದರೆ ಭಟ್ಟರಿಗೆ ಮೊದಲೇ ಹೇಳಿ, ಪಕ್ಕದಲ್ಲಿ ಬಾಳೆಹಣ್ಣು, ಪಂಚಕಜ್ಜಾಯವನ್ನೂ ನೈವೇದ್ಯಕ್ಕಿಟ್ಟು ಅದನ್ನೇ ಮಗಳಿಗೆ ಕೊಡಿ. ಬೇರೆಯವರ ಮನೆಯಲ್ಲಾದರೆ ತೀರ್ಥ, ಹೂವು ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಲಿ. ಪಂಚಕಜ್ಜಾಯದಲ್ಲಿ ಬೆಲ್ಲವಿದೆ, ಎಷ್ಟು ಕೊಟ್ಟಿರೋ ಅಷ್ಟಕ್ಕೆ ಇನ್ಸುಲಿನ್ ಲೆಕ್ಕವೂ ಸೇರಲಿ.

ಪಥ್ಯ ಶುರುವಾಗಿ ಕೆಲವು ವಾರಕ್ಕೆ ಒಂದು ದಿನ ನೀವು ನನ್ನ ಮೇಲೆ ಸಿಟ್ಟಾಗುತ್ತೀರಿ. ಗೋಧಿ ಬಿಟ್ಟ ಮೇಲೆ ಶುಗರ್ ಏರಿತು ಎಂದು. ಕರುಳು ಮಾಯುತ್ತಿದೆ, ತಿಂದದ್ದು ಮೈಗೆ ಹತ್ತುತ್ತಿದೆ ಎಂಬುದರ ಗುರುತಿರಬಹುದು ಅದು. ಆಗ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ, ಡಾಕ್ಟರು ಏರಿಸುತ್ತಾರೆ. ಟಿಟಿಜಿ ಪೂರ್ತಿ ಇಳಿಯಲು ಆರು ತಿಂಗಳಿಂದ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ನಡುವೆ ಹಿಮೋಗ್ಲೋಬಿನ್, ವಿಟಮಿನ್ ಡಿ, ಎತ್ತರ ಇವುಗಳನ್ನು ನೋಡಿಸುತ್ತಿರಿ. ಥೈರಾಯ್ಡ್ ಕೂಡ, ಅದೂ ಇದೇ ಬೇರಿನ ಇನ್ನೊಂದು ಚಿಗುರು.

ಮಗಳು ತಟ್ಟೆ ದೂಡಿದ್ದನ್ನು ಕೊನೆಗೆ ಉಳಿಸಿಕೊಂಡೆ, ಸಣ್ಣ ವಿಷಯವೆಂದಲ್ಲ. ಮೂರು ವರ್ಷದಿಂದ ಅವಳ ಪ್ರತಿ ತುತ್ತಿಗೂ ಒಂದು ಲೆಕ್ಕ, ಒಂದು ಸೂಜಿ. ಈಗ ಅವಳಿಗೆ ಕೇಳಿಸಿದ್ದು, ಉಳಿದ ತುತ್ತನ್ನೂ ಕಿತ್ತುಕೊಳ್ಳುತ್ತಾರೆ ಎಂದು. ಅದೂ ಅವಳನ್ನು ಒಂದು ಮಾತು ಕೇಳದೆ, ಅಜ್ಜಿ, ಅಮ್ಮ, ಸೋದರತ್ತೆ ಅವಳ ತಲೆಯ ಮೇಲೆ ಜಗಳವಾಡುವಾಗ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕರುಳಿನ ಮಖಮಲ್ ಚಿತ್ರ ಬರೆದು ತೋರಿಸಿ. "ನಿನಗೆ ಸಿಟ್ಟು ಬರುವುದು ಸರಿಯೇ" ಎಂದು ಹೇಳಿ, ಸಮಾಧಾನ ಮಾಡಲು ಅವಸರ ಬೇಡ. ಪಥ್ಯದಲ್ಲಿ ಯಾವ ತಿಂಡಿ ಮೊದಲು ಮಾಡಬೇಕೆಂದು ಅವಳೇ ಆರಿಸಲಿ, ಲೇಬಲ್ ಅವಳೇ ಓದಲಿ. ಶಾಲೆಯಲ್ಲಿ ಕ್ಲಾಸ್ ಟೀಚರಿಗೂ, ಅವಳಿಗೆ ಹತ್ತಿರದ ಒಬ್ಬ ಗೆಳತಿಗೂ ತಿಳಿದಿದ್ದರೆ ಸಾಕು. ಮನೆಯಲ್ಲಿ ಕರಿದ ಬಟಾಟೆ ವಡೆಯನ್ನು ಪಾವ್ ಇಲ್ಲದೆ ಡಬ್ಬಿಯಲ್ಲಿಟ್ಟರೆ, ಅದೂ ಗೆಳತಿಗೊಂದು ಹೆಚ್ಚಿಟ್ಟರೆ, ಡಬ್ಬಿ ಹಂಚಿಕೊಳ್ಳುವ ಸುಖ ತಪ್ಪುವುದಿಲ್ಲ.

ಆದರೆ ಇಂಜೆಕ್ಷನ್ ತೆಗೆದುಕೊಂಡು ಊಟ ಬಿಡುವುದು, ಇಂಜೆಕ್ಷನ್ನೇ ಬೇಡವೆನ್ನುವುದು, ತಿಂದದ್ದನ್ನು ಮುಚ್ಚಿಡುವುದು ಕಂಡರೆ ಅಂದೇ ಡಾಕ್ಟರಿಗೆ ಹೇಳಿ. ಎರಡೆರಡು ಪಥ್ಯ ಹೊತ್ತ ಹದಿಹರೆಯದ ಮಕ್ಕಳಲ್ಲಿ ಊಟದೊಂದಿಗಿನ ನಂಟೇ ಮುರಿಯುವ ಅಪಾಯವಿದೆ. ಹಾಗೆ ಕಂಡರೆ ಮಕ್ಕಳ ಮನಸ್ಸಿನ ತಜ್ಞರ ಹತ್ತಿರ ಕರೆದುಕೊಂಡು ಹೋಗಲು ಹಿಂದೆಮುಂದೆ ನೋಡಬೇಡಿ. ನೀವೂ ಒಬ್ಬರ ಹತ್ತಿರ ಅತ್ತು ಹಗುರಾಗಬೇಕು. ಮೂರು ವರ್ಷ ರಾತ್ರಿ ಎದ್ದು ಬೆರಳು ಚುಚ್ಚಿ ನೋಡಿದ ತಾಯಿಗೆ ನಿದ್ದೆಯ ಬಾಕಿ ಎಷ್ಟಿದೆ ಎಂದು ನನಗೆ ಅಂದಾಜಿದೆ. ವಾರದಲ್ಲಿ ನಿಮ್ಮ ಯಜಮಾನರ ರಜೆಯ ರಾತ್ರಿ ಮೂರು ಗಂಟೆಯ ಮೀಟರ್ ಅವರ ಪಾಲಿಗಿರಲಿ.

ಇನ್ನು ಆರು ವರ್ಷದ ತಮ್ಮ. ಸೀಲಿಯಾಕ್ ಇರುವವರ ಒಡಹುಟ್ಟಿದವರಲ್ಲಿ, ತಂದೆ ತಾಯಿಯಲ್ಲಿ ಅದು ಇರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅಕ್ಕನ ಕಾಯಿಲೆ ಖಚಿತವಾದರೆ ಅವನಿಗೂ, ನಿಮ್ಮಿಬ್ಬರಿಗೂ ಟಿಟಿಜಿ ಮತ್ತು ಒಟ್ಟು ಐಜಿಎ ಪರೀಕ್ಷೆ ಮಾಡಿಸಿ. ಆ ರಕ್ತ ಕೊಡುವ ದಿನದವರೆಗೆ ನೀವು ಮೂವರೂ ಚಪಾತಿ ತಿನ್ನುತ್ತಿರಬೇಕು ಎಂಬುದನ್ನು ಅತ್ತೆಯವರಿಗೆ ಮರೆಯದೆ ಹೇಳಿ.